ಬೀಗದ ಆಚಾರ್ರ ಮೊಕದ್ದಮೆ

ಹೊಳೆನರಸೀಪುರದ ಕೋಟೆಯ ಹಿಂದಿನ ಬೀದಿಯಲ್ಲಿ ಬೀಗ ಮಾಡುವ ಒಂದು ಮನೆಯಿತ್ತು. ಯಜಮಾನರನ್ನು ಊರಿನವರು ಆಚಾರ್ರು ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತೇನೆ. ಪಾಳೆಯಗಾರರ ಕಾಲದಲ್ಲಿ ಕೋಟೆಯ ಬಾಗಿಲಿಗೆ ಬೀಗ ಮಾಡಿಕೊಟ್ಟವರು ಅವರ ವಂಶದವರೇ ಎಂಬ ಮಾತಿತ್ತು. ಅದಕ್ಕೆ ದಾಖಲೆ ನಾನು ಕಂಡಿಲ್ಲ. ಅವರ ತಾತ ಮಾಡಿದ ಬೀಗವೊಂದು ದೇವಸ್ಥಾನದ ಉಗ್ರಾಣಕ್ಕೆ ಇನ್ನೂ ನೇತಾಡುತ್ತಿದ್ದುದನ್ನು ಮಾತ್ರ ಕಣ್ಣಾರೆ ನೋಡಿದ್ದೇನೆ.

ಮೂವತ್ತರ ದಶಕದಲ್ಲಿ ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಅಂಗಡಿಗಳಿಗೆ ಅಲೀಗಢದ ಬೀಗ ಬರುತ್ತಿತ್ತು, ದಿಂಡಿಗಲ್ಲಿನದೂ ಬರುತ್ತಿತ್ತು. ನೋಡಲು ಚೆನ್ನಾಗಿದ್ದವು, ಅಗ್ಗವೂ ಆಗಿದ್ದವು. ಆದರೂ ಮನೆಯಲ್ಲಿ ನಾಲ್ಕು ಕಾಳು ಇಟ್ಟುಕೊಂಡಿದ್ದವರು ಆಚಾರ್ರ ಬೀಗವನ್ನೇ ಕೇಳುತ್ತಿದ್ದರು. ಕರ್ರಗಿನ, ಅಂದಚಂದವಿಲ್ಲದ, ಕೈಗೆ ಭಾರವಾದ ಬೀಗ ಅದು. ಅದರೊಳಗೆ ತೆಳ್ಳಗಿನ ಉಕ್ಕಿನ ಗರಿಗಳು ಇರುತ್ತಿದ್ದವು. ಕೊಂಡಿಯನ್ನು ಒತ್ತಿದಾಗ ಗರಿಗಳು ಒಳಗೆ ಹೋಗಿ ಅರಳಿಕೊಳ್ಳುತ್ತವೆ, ಕೊಂಡಿ ಹಿಂದೆ ಬರುವುದಿಲ್ಲ. ಬೀಗದ ಕೈ ಹಾಕಿದರೆ ಗರಿಗಳು ಮತ್ತೆ ಮಡಿಸಿಕೊಂಡು ಕೊಂಡಿಯನ್ನು ಬಿಟ್ಟುಕೊಡುತ್ತವೆ. ಮನೆಬಳಕೆಯ ಬೀಗಕ್ಕೆ ಎರಡು ಗರಿ, ಕಣಜಕ್ಕೆ ಮತ್ತು ಉಗ್ರಾಣಕ್ಕೆ ಮಾಡುವ ದೊಡ್ಡ ಬೀಗಕ್ಕೆ ಮೂರು.

ಚನ್ನರಾಯಪಟ್ಟಣದ ನಮ್ಮ ಮನೆಯ ಕಣಜಕ್ಕೆ ಅಂಥದೊಂದು ದೊಡ್ಡ ಬೀಗ ಮಾಡಲು ಹೇಳಿದ್ದ ನಮ್ಮ ತಂದೆ, ಅದನ್ನು ತರಲು ನನ್ನನ್ನು ಕರೆದುಕೊಂಡು ಹೋಗಿದ್ದರು. ಆಗ ನಾನು ಓದು ಮುಗಿಸಿ ಕೆಲಸ ಹುಡುಕುತ್ತಿದ್ದೆ. ನಾವು ಹೋದಾಗ ಕುಲುಮೆಯ ಬಾಗಿಲು ಮುಚ್ಚಿತ್ತು. ಆಚಾರ್ರ ಹೆಂಡತಿ ಹೊರಗೆ ಜಗಲಿಯ ಮೇಲೆ ಕೂತು ಅರದಿಂದ ಒಂದು ಬೀಗದ ಕೈಯ ಹಲ್ಲು ಉಜ್ಜುತ್ತಿದ್ದರು. ಒಳಗಿನಿಂದ ಕರ್ಪೂರದ ವಾಸನೆ ಬರುತ್ತಿತ್ತು, ಆಗೊಮ್ಮೆ ಈಗೊಮ್ಮೆ ಸಣ್ಣ ಸುತ್ತಿಗೆಯ ಸದ್ದು.

"ಒಸಿ ಕುಂತ್ಕಳಿ ಬುದ್ಧಿ," ಎಂದರು ಆಕೆ ನಮ್ಮ ತಂದೆಗೆ. "ದೊಡ್ ಬೀಗುಕ್ಕೆ ಕೊನೇ ಗರಿ ಕುಂಡ್ರುಸ್ತಾವ್ರೆ. ಅದುಕ್ಕೆ ಪೂಜೆ ಆಗ್ಬೇಕು, ಯಾರೂ ಒಳಗಿರಂಗಿಲ್ಲ. ಇವ್ರ್ ಮನ್ತನದಾಗೆ ಕಬ್ಬುಣಕ್ಕೂ ಕರ್ಪೂರ. ಕಟ್ಕಂಡೋಳಿಗೆ ಮಾತ್ರ ಬೈಗಳ."

"ನೀನೂ ಒಳಗೆ ಹೋಗಂಗಿಲ್ವೇನಮ್ಮ?" ಎಂದು ತಂದೆ ಕೇಳಿದರು.

"ನಾನೂ ಓಗಂಗಿಲ್ಲ. ತಿದಿ ಊದದು ನಾನು, ಅರ ಉಜ್ಜದು ನಾನು, ಎಲ್ಡು ಗರಿ ಹದ ಮಾಡದು ನಾನು. ಮೂರ್ನೇದುಕ್ಕೆ ಮಾತ್ರ ಆಚೆ ನಡಿ ಅಂತಾರೆ. ನಮ್ಮತ್ತೇನೂ ಇಂಗೇ ಜಗಲಿ ಮ್ಯಾಲೆ ಕುಂತಿದ್ರಂತೆ, ಅವ್ರತ್ತೇನೂ ಕುಂತಿದ್ರಂತೆ."

ಸ್ವಲ್ಪ ಹೊತ್ತಿಗೆ ಆಚಾರ್ರು ಬಾಗಿಲು ತೆಗೆದು ಬೆವರು ಒರೆಸಿಕೊಳ್ಳುತ್ತ ಬಂದರು. ಎತ್ತರದ, ಒಣಕಲು ಮೈಯ ಮನುಷ್ಯ. ಬೀಗವನ್ನೂ ಅದರ ಎರಡು ಬೀಗದ ಕೈಗಳನ್ನೂ ತಂದೆಯ ಅಂಗೈಯಲ್ಲಿಟ್ಟು, "ಮೂರ್ನೇದು ನಾನ್ ಇಟ್ಕಳಕಿಲ್ಲ. ಎಲ್ಡೂ ಕಳ್ಕಂಡು ಬಂದ್ರೆ ಬೀಗ ಒಡ್ದು ಕೊಡ್ತೀನಿ, ತೆಗ್ದು ಕೊಡಕಿಲ್ಲ," ಎಂದರು. ನಮ್ಮ ತಂದೆಗೆ ಆ ಮಾತು ಹಿಡಿಸಿತು. ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನೇ ಎರಡು ಸಲ ಹೇಳಿದರು.

ಮುಂದೆ ನನಗೆ ಮೈಸೂರಿನ ಒಂದು ಪತ್ರಿಕೆಯ ಹಾಸನದ ಬಾತ್ಮೀದಾರನಾಗಿ ಕೆಲಸ ಸಿಕ್ಕಿತು. ಕಚೇರಿ, ಕೋರ್ಟು, ಆಸ್ಪತ್ರೆ, ರೈಲ್ವೆ ಸ್ಟೇಷನ್ನು ಸುತ್ತಿ ಸಂಜೆಯ ಟಪಾಲಿಗೆ ಸುದ್ದಿ ಹಾಕುವುದು ದಿನದ ಕೆಲಸ. ಅಷ್ಟರಲ್ಲಿ ಯುದ್ಧ ಬಂತು. ಸೀಮೆಎಣ್ಣೆ ಸಿಗದಾಯಿತು, ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡಿದವು. ಆಮೇಲೆ ಧಾನ್ಯಕ್ಕೂ ಕಟ್ಟುಪಾಡು ಬಂತು. ರೈತರು ಬೆಳೆದದ್ದರಲ್ಲಿ ಇಷ್ಟು ಭಾಗವನ್ನು ಸರ್ಕಾರಕ್ಕೆ ಅಳೆಯಬೇಕು. ಅದನ್ನು ಊರೂರಿನ ಡಿಪೊಗಳಲ್ಲಿ ಕೂಡಿಟ್ಟು ಚೀಟಿಯ ಮೇಲೆ ಹಂಚುತ್ತಿದ್ದರು. ಅರಕಲಗೂಡಿನಲ್ಲಿ ಒಬ್ಬ ವರ್ತಕರ ಮಳಿಗೆಯನ್ನು ಬಾಡಿಗೆಗೆ ಹಿಡಿದು ರಾಗಿ ತುಂಬಿದರು. ಅದರ ಬಾಗಿಲಿಗೆ ಆಚಾರ್ರ ಹತ್ತಿರ ಮೂರು ಗರಿಯ ದೊಡ್ಡ ಬೀಗ ಮಾಡಿಸಿದರು. ಒಂದು ಬೀಗದ ಕೈ ಡಿಪೊ ನೋಡಿಕೊಳ್ಳುವ ಗುಮಾಸ್ತರ ಸೊಂಟದಲ್ಲಿ, ಇನ್ನೊಂದು ಅರಗಿನ ಮೊಹರು ಹಾಕಿದ ಬಟ್ಟೆಯ ಚೀಲದಲ್ಲಿ ತಾಲ್ಲೂಕು ಖಜಾನೆಯಲ್ಲಿ ಇದ್ದವು.

ಆ ವರ್ಷದ ಬೇಸಗೆಯಲ್ಲಿ ಹಂಚಿಕೆಗೆಂದು ಬಾಗಿಲು ತೆಗೆದಾಗ ಹಿಂಬದಿಯ ಸಾಲಿನ ರಾಗಿ ಮೂಟೆಗಳು ಇರಲಿಲ್ಲ. ಬೀಗ ಒಡೆದಿರಲಿಲ್ಲ. ಗೋಡೆ ಕೊರೆದಿರಲಿಲ್ಲ, ಹೆಂಚು ಸರಿದಿರಲಿಲ್ಲ. ಖಜಾನೆಯ ಮೊಹರು ಹಾಗೆಯೇ ಇತ್ತು. ಗುಮಾಸ್ತರು ತಮ್ಮ ಬೀಗದ ಕೈ ಒಂದು ದಿನವೂ ಸೊಂಟ ಬಿಟ್ಟಿಲ್ಲ ಎಂದು ಪ್ರಮಾಣ ಮಾಡಿದರು, ಅವರ ಮೇಲಿನವರು ಅದನ್ನು ನಂಬಿದರು. ಹಾಗಾದರೆ ಮೂರನೆಯ ಬೀಗದ ಕೈ ಇರಲೇಬೇಕು, ಅದು ಮಾಡಿದವನ ಹತ್ತಿರವೇ ಇರಬೇಕು ಎಂದು ಪೊಲೀಸರು ಲೆಕ್ಕ ಹಾಕಿದರು. ಹೊಳೆನರಸೀಪುರದ ಮನೆಯನ್ನು ಶೋಧಿಸಿದರು. ಅಂಥ ಬೀಗದ ಕೈ ಸಿಗಲಿಲ್ಲ. ಅಟ್ಟದ ಮೇಲೆ ರಾಗಿ ಸಿಕ್ಕಿತು. ಹಳ್ಳಿಯವರು ಬೀಗಕ್ಕೆ, ಕುಡುಗೋಲಿಗೆ, ನೇಗಿಲ ಗುಳಕ್ಕೆ ಕೂಲಿಯಾಗಿ ಅಳೆದುಕೊಟ್ಟ ರಾಗಿ ಅದು. ಆ ಬೀದಿಯ ಎಲ್ಲ ಕಮ್ಮಾರರ ಅಟ್ಟದಲ್ಲೂ ಅಷ್ಟಿಷ್ಟು ಇತ್ತು. ಆದರೆ ಶೋಧನೆ ಆದದ್ದು ಒಂದೇ ಮನೆಯಲ್ಲಿ. ಆಚಾರ್ರಿಗೆ ಕೋಳ ಹಾಕಿ ಬೆಳಗಿನ ರೈಲಿನಲ್ಲಿ ಹಾಸನಕ್ಕೆ ಕರೆತಂದರು.

ಅವರ ಪರ ನಿಂತ ವಕೀಲರು ನನಗೆ ಬೇಕಾದವರು. ಕೋರ್ಟಿನ ಸುದ್ದಿಗಾಗಿ ನಾನು ದಿನವೂ ಅವರ ಮನೆಯ ಮುಂಭಾಗದ ಕೋಣೆಯಲ್ಲಿ ಕೂರುತ್ತಿದ್ದೆ. ಕೇಸು ಗೆಲ್ಲುವ ದಾರಿ ಒಂದೇ ಎಂದು ಅವರು ಹೇಳಿದರು. "ಬೀಗದ ಕೈ ಇಲ್ಲದೆ ಬೀಗ ತೆರೆಯೋದಿಲ್ಲ ಅನ್ನೋದರ ಮೇಲೆ ಇಡೀ ಆರೋಪ ನಿಂತಿದೆ. ತೆರೆಯುತ್ತೆ ಅಂತ ತೋರಿಸಿಬಿಟ್ಟರೆ, ಕದ್ದವನು ಯಾರಾದರೂ ಆಗಬಹುದು. ಆದರೆ ತೋರಿಸೋದು ಆಚಾರ್ರೇ ಆಗಬಾರದು. ಅವರು ತೆರೆದರೆ ಅವರ ಕುತ್ತಿಗೆಗೇ ಬರುತ್ತೆ. ಬೇರೆ ಯಾರಾದರೂ ತೆರೆಯಬೇಕು."

ಮರುದಿನ ಲಾಕಪ್ಪಿಗೆ ಹೋದಾಗ ನನ್ನನ್ನೂ ಕರೆದುಕೊಂಡರು. ಆಚಾರ್ರು ಕಂಬಿಯ ಆಚೆ ಕುಕ್ಕರುಗಾಲಲ್ಲಿ ಕೂತಿದ್ದರು. ಗಡ್ಡ ಬೆಳೆದಿತ್ತು.

"ನೋಡಿ ಆಚಾರ್ರೇ, ನಿಮ್ಮ ಬೀಗಾನ ಬೇರೆ ಕಸಬುದಾರ ತೆರೀಬಹುದು ಅಂತ ಒಂದು ಮಾತು ಹೇಳಿ, ಸಾಕು," ಎಂದರು ವಕೀಲರು.

"ತೆಗ್ಯಕಾಗಕಿಲ್ಲ ಸ್ವಾಮಿ."

"ತೆಗೆಯಲಾಗದ ಬೀಗ ಇದೆಯೇನ್ರೀ?"

"ಅಲೀಗಢದ್ದ ತೆಗೀಬೋದು. ದಿಂಡಿಗಲ್ದು ಒಸಿ ಒದ್ದಾಡುಸ್ತದೆ, ಆಮೇಲ್ ಬತ್ತದೆ. ನನ್ ದೊಡ್ ಬೀಗ ಬರಕಿಲ್ಲ. ಬತ್ತದೆ ಅಂತ ಕೋಲ್ಟ್‌ನಾಗೆ ಸುಳ್ ಯೋಳುದ್ರೆ, ನನ್ನ ನಂಬ್ಕಂಡು ಬೀಗ ಆಕ್ಕಂಡಿರೋರು ನಾಳೆಯಿಂದ ನಿದ್ದೆ ಮಾಡಾರಾ?"

"ನಿಮಗೆ ಸಜೆ ಆಗುತ್ತೆ."

"ಆಗ್ಲಿ. ಜೈಲ್ನಾಗೂ ಬೀಗ ಅವೆಯಲ್ಲ, ಎಂಥಾವು ಆಕವ್ರೆ ಅಂತ ನೋಡ್ಕಂಡ್ ಬತ್ತೀನಿ."

ಕಾವಲಿನ ಪೊಲೀಸ್‌ ಪೇದೆ ನಕ್ಕ. ವಕೀಲರು ನಗಲಿಲ್ಲ. ಹೊರಗೆ ಬಂದ ಮೇಲೆ, "ಈ ಮನುಷ್ಯನ ಬಾಯಿಂದ ನಮಗೆ ಏನೂ ಸಿಗೋದಿಲ್ಲ," ಎಂದರು.

ದಾರಿ ತೋರಿಸಿದವರು ಆಚಾರ್ರ ಹೆಂಡತಿ. ಮಕ್ಕಳಿರಲಿಲ್ಲ, ಬಂಧುಗಳು ದೂರ ಸರಿದಿದ್ದರು. ಒಬ್ಬರೇ ರೈಲು ಹತ್ತಿ ಹಾಸನಕ್ಕೆ ಬಂದು ವಕೀಲರ ಜಗಲಿಯಲ್ಲಿ ಕೂತರು. ವಕೀಲರು ತಮ್ಮ ಕಷ್ಟ ಹೇಳಿಕೊಂಡಾಗ ಆಕೆ, "ನಾನ್ ತೆಗ್ದ್ರೆ ಆಯ್ತದಾ?" ಎಂದು ಕೇಳಿದರು.

ಆ ಮನೆಯ ಒಳಕೋಣೆಯ ಬೀರುವಿಗೆ ಆಚಾರ್ರೇ ಮಾಡಿದ ಚಿಕ್ಕ ಬೀಗ ಒಂದಿತ್ತು. ಅದನ್ನು ಹಾಕಿ, ಬೀಗದ ಕೈ ಎತ್ತಿಟ್ಟು, ತೆಗೆಯಲು ಹೇಳಿದರು. ಆಕೆ ಒಂದು ಹರಿದ ಕೊಡೆ ಕೇಳಿ ಪಡೆದರು. ಅದರ ಎರಡು ಕಡ್ಡಿಗಳನ್ನು ಮುರಿದು, ತುದಿಯನ್ನು ಮೆಟ್ಟಿಲ ಕಲ್ಲಿಗೆ ಉಜ್ಜಿ ಚಪ್ಪಟೆ ಮಾಡಿದರು. ನನಗೆ ತಂದಿಟ್ಟಿದ್ದ ಕಾಫಿ ಆರುವುದರೊಳಗೆ ಬೀಗ ಬಿಚ್ಚಿತು.

ಒಳಗಿನ ಬಾಗಿಲಲ್ಲಿ ನಿಂತಿದ್ದ ವಕೀಲರ ಹೆಂಡತಿ, "ಇದನ್ನ ನಂಬ್ಕೊಂಡು ಇಷ್ಟು ವರ್ಷ ಒಡವೆ ಇಟ್ಟಿದ್ದೆನಲ್ಲೇ ತಾಯಿ," ಎಂದರು.

"ಒಡ್ವೆ ಅಲ್ಲೇ ಅವೆ ಕಣವ್ವ. ನಾನ್ ಬೀಗ ಮುಟ್ಟಿವ್ನಿ, ಬೀರು ಮುಟ್ಟಿಲ್ಲ."

ವಕೀಲರ ಮುಖ ಅರಳಿತ್ತು. "ಡಿಪೊ ಬೀಗವೂ ಇದೇ ತರಹವೇ?" ಎಂದು ಕೇಳಿದರು.

"ಇದೇಯ. ಅದುಕ್ಕೊಂದ್ ಗರಿ ಎಚ್ಚು. ಬಾಗ್ಲಾಕ್ಕಂಡು ಕರ್ಪೂರ ಅಚ್ಚಿ ಕುಂಡ್ರುಸ್ತಾರಲ್ಲ, ಅದು. ಅದು ಶಾಸ್ತ್ರುದ್ದು, ದೇವ್ರಿಗೆ ಅಂತ ಬುಡದು. ಅದುಕ್ಕೇನೂ ಕೆಲ್ಸ ಇಲ್ಲ."

ಜಗಲಿಯಲ್ಲಿ ಕೂತ ಅತ್ತೆಯಿಂದ ಸೊಸೆಗೆ ಹಾಗೆಂದು ಬಂದಿತ್ತು. ಆಕೆಗೆ ಅನುಮಾನ ಪಡಲು ಕಾರಣವಿರಲಿಲ್ಲ. ವಕೀಲರೂ ಹೆಚ್ಚಿಗೆ ಕೇಳಲಿಲ್ಲ. ಆಕೆ ಕೇಳಿಕೊಂಡದ್ದು ಒಂದೇ: "ಇವ್ರಿಗ್ ಮಾತ್ರ ಮುಂಚೆ ಯೋಳ್ಬ್ಯಾಡಿ ಸ್ವಾಮಿ. ಗೊತ್ತಾದ್ರೆ ಬ್ಯಾಡ ಅಂತಾರೆ. ತೆಗ್ದಾದ್ ಮ್ಯಾಲೆ ಎಷ್ಟಾರ ಬಯ್ಕಳ್ಳಿ, ಮನೆಗ್ ಬಂದು ಬಯ್ಲಿ." ವಕೀಲರು ಒಪ್ಪಿದರು. ಆಚಾರ್ರನ್ನು ಒಂದು ಮಾತು ಕೇಳಿದ್ದರೆ ಕೇಸು ಬೇರೆ ದಾರಿ ಹಿಡಿಯುತ್ತಿತ್ತು. ಕೇಳಿದರೆ ಅವರು ತಡೆಯುತ್ತಾರೆಂದೇ ಕೇಳಲಿಲ್ಲ.

ವಿಚಾರಣೆಯ ದಿನ ಕೋರ್ಟಿನ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾಲ್ಕು ತಾಲ್ಲೂಕಿನಿಂದಲೂ ಜನ ಬಂದಿದ್ದರು. ಹಿರೀಸಾವೆಯಿಂದ, ನುಗ್ಗೇಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದ ಗೌಡರಿದ್ದರು. ಬೀಗದ ಕೈ ಇಲ್ಲದೆ ಬೀಗ ತೆಗೆಯುತ್ತಾರಂತೆ ಎಂಬ ಸುದ್ದಿ ಹೇಗೋ ಹರಡಿತ್ತು. ಹೆಚ್ಚಿನವರ ಮನೆಯಲ್ಲಿ ಆಚಾರ್ರ ಬೀಗವಿತ್ತು.

"ತೆಗ್ದ್ರೆ ನಮ್ ಗತಿ ಏನ್ಲಾ?" ಎಂದು ಒಬ್ಬ ಮುದುಕರು ಪಕ್ಕದವನನ್ನು ಕೇಳುತ್ತಿದ್ದರು.

"ನಿಮ್ ಮನೇಲಿ ಕದಿಯಕ್ಕೇನೈತೆ ಬುಡಣ್ಣ. ಬೀಗುನ್ನೇ ಕದ್ಕಂಡ್ ಓಗ್ಬೇಕು."

ಅಕ್ಕಪಕ್ಕದವರು ನಕ್ಕರು. ಜವಾನ ಬಂದು ಗದರಿಸಿದ.

ಮ್ಯಾಜಿಸ್ಟ್ರೇಟರು ವಕೀಲರ ಕೋರಿಕೆಯನ್ನು ಒಪ್ಪಿದರು. ಡಿಪೊ ಬೀಗವನ್ನು ಎಲ್ಲರೆದುರು ಹಾಕಿ, ಆಚಾರ್ರ ಹೆಂಡತಿಯ ಕೈಗೆ ಕೊಟ್ಟರು. ಕಟಕಟೆಯಲ್ಲಿದ್ದ ಆಚಾರ್ರಿಗೆ ಇದೆಲ್ಲ ಆಗ ಗೊತ್ತಾಯಿತು. ಅವರು ಏನೋ ಹೇಳಲು ಬಾಯಿ ತೆರೆದರು. ಸುಮ್ಮನಿರಬೇಕೆಂದು ಮ್ಯಾಜಿಸ್ಟ್ರೇಟರು ಹೇಳಿದ್ದರಿಂದ ಸುಮ್ಮನಾದರು.

ಆಕೆ ನಿಂತು ಕೆಲಸ ಮಾಡಿ ಅಭ್ಯಾಸವಿಲ್ಲವೆಂದು ನೆಲದ ಮೇಲೆ ಕೂತರು. ಬೀಗವನ್ನು ಮಡಿಲಲ್ಲಿಟ್ಟು ಒಂದು ಕಡ್ಡಿ ತೂರಿಸಿದರು. ಸಣ್ಣ ಸದ್ದಾಯಿತು. ಎರಡನೆಯದನ್ನು ತೂರಿಸಿದರು, ಮತ್ತೊಂದು ಸದ್ದು. ವಕೀಲರು ಕುರ್ಚಿಯಿಂದ ಅರ್ಧ ಎದ್ದರು. ಆಕೆ ಕೊಂಡಿ ಎಳೆದರು. ಅದು ಬರಲಿಲ್ಲ. ಕಡ್ಡಿ ಹೊರಗೆಳೆದು ತುದಿ ನೋಡಿ ಮತ್ತೆ ಹಾಕಿದರು. ಮತ್ತೆ ಎಳೆದರು. ಹಣೆಯ ಕುಂಕುಮ ಬೆವರಿಗೆ ಇಳಿದು ಮೂಗಿನ ಮೇಲೆ ಬಂದಿತ್ತು. ಪ್ರಾಸಿಕ್ಯೂಷನ್ನಿನ ಇನ್ಸ್‌ಪೆಕ್ಟರು ಗಡಿಯಾರ ನೋಡಿದರು. ಇನ್ನೂ ಸ್ವಲ್ಪ ಹೊತ್ತು ಕೊಡಬೇಕೆಂದು ವಕೀಲರು ಕೇಳಿಕೊಂಡರು, ಮ್ಯಾಜಿಸ್ಟ್ರೇಟರು ಕೊಟ್ಟರು. ಆಕೆಯ ಹೆಬ್ಬೆರಳು ಕುಯ್ದು ರಕ್ತ ಬಂತು. ಸೆರಗಿಗೆ ಒರೆಸಿಕೊಂಡು ಮತ್ತೆ ಹಿಡಿದರು.

"ಎಲ್ಡೂ ಮಡಿಸ್ಕಂಡವೆ," ಎಂದರು ಆಕೆ, ಯಾರಿಗೆಂದಲ್ಲ. "ಯಾಕ್ ಬತ್ತಿಲ್ಲ ಇದು? ನನ್ ಕೈಯೇ ಸರೀಗಿಲ್ಲ."

ಆಗ ಕಟಕಟೆಯಿಂದ ಆಚಾರ್ರು ಮಾತಾಡಿದರು. ಗದರುವ ದನಿಯಲ್ಲ. ಮನೆಯಲ್ಲಿ ಕೆಲಸ ಕೆಟ್ಟಾಗ ಹೇಳುವಂತೆ ಹೇಳಿದರು.

"ಬುಟ್ಬುಡು ಕಣಮ್ಮಿ. ನಿನ್ ಕೈ ಸರೀಗೈತೆ. ಮೂರ್ನೇದು ಅಡ್ಡ ಮನಗೈತೆ, ನೀನ್ ಒತ್ತಿದಷ್ಟೂ ಅದು ಬಿಗೀತದೆ. ಅದು ನಿಂಗ್ ಗೊತ್ತಿಲ್ಲ. ನಂಗೊಬ್ನುಗೇ ಗೊತ್ತಿರದು."

ಆಚಾರ್ರು ಹೆಂಡತಿಯ ಕೈಯನ್ನೇ ನೋಡುತ್ತಿದ್ದರು. ತಾವು ಏನು ಹೇಳಿದೆವೆಂಬುದು ಅವರಿಗೆ ತಿಳಿದಿರಲಿಲ್ಲ. ವಕೀಲರಿಗೆ ತಿಳಿದಿತ್ತು. ಅವರು ಕುರ್ಚಿಯಲ್ಲಿ ಮೆಲ್ಲನೆ ಕೂತರು. ಇನ್ಸ್‌ಪೆಕ್ಟರು ಎದ್ದು, ಆಪಾದಿತನ ಈ ಮಾತನ್ನು ದಾಖಲು ಮಾಡಿಕೊಳ್ಳಬೇಕು, ತಮ್ಮದು ಬೇರೇನೂ ಇಲ್ಲ ಎಂದರು. ಕೋರ್ಟಿನ ಗುಮಾಸ್ತ ಓದಿ ಹೇಳಿದ: ಮೂರನೆಯದು ನನಗೊಬ್ಬನಿಗೇ ಗೊತ್ತು. ಹೀಗೆ ಹೇಳಿದ್ದು ನಿಜವೇ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಆಚಾರ್ರು, "ದಿಟ ಸ್ವಾಮಿ," ಎಂದರು.

ತೀರ್ಪು ಮುಂದಿನ ವಾರ ಬಂತು. ಕಠಿಣ ಸಜೆ. ಬೀಗವನ್ನು ಬೀಗದ ಕೈ ಇಲ್ಲದೆ ಅದನ್ನು ಮಾಡಿದವನ ಹೊರತು ಬೇರೆ ಯಾರೂ ತೆರೆಯಲಾರರು ಎಂಬುದು ಆಪಾದಿತನ ಬಾಯಿಂದಲೇ ಸಾಬೀತಾಗಿದೆ ಎಂದು ಅದರಲ್ಲಿತ್ತು. ಮೇಲ್ಮನವಿ ಹಾಕಲು ಹೊಸ ಆಧಾರವೇನೂ ಇಲ್ಲವೆಂದು ವಕೀಲರು ಸುಮ್ಮನಾದರು. ನಾನು ಕಳಿಸಿದ ವರದಿಯನ್ನು ಪತ್ರಿಕೆ ಮೊಟಕು ಮಾಡಿ ಒಳಪುಟದಲ್ಲಿ ಹಾಕಿತು. ಕಾಗದದ ಅಭಾವವಿತ್ತು.

ತೀರ್ಪಿನ ದಿನ ವರಾಂಡದಲ್ಲಿ ನಡೆದದ್ದು ಆ ವರದಿಯಲ್ಲಿರಲಿಲ್ಲ. ಆಚಾರ್ರ ಹೆಂಡತಿ ಕಂಬಕ್ಕೆ ಒರಗಿ ಕೂತಿದ್ದರು. ಪೊಲೀಸರು ಅವರ ಗಂಡನನ್ನು ಆಗ ತಾನೇ ಕರೆದೊಯ್ದಿದ್ದರು. ಅರಕಲಗೂಡಿನ ಕಡೆಯ ಒಬ್ಬ ಸಾಹುಕಾರರು, ಹಣೆಗೆ ವಿಭೂತಿ, ಹೆಗಲಿಗೆ ಜರಿಯ ವಲ್ಲಿ, ಹತ್ತಿರ ಹೋಗಿ ಬಗ್ಗಿ ಕೇಳಿದರು.

"ತಾಯಿ, ಆ ತರದ್ದು ಒಂದು ಬೀಗ ಬೇಕಾಗಿತ್ತಲ್ಲ. ಮನೇಲಿ ಮಾಡಿಟ್ಟಿರೋದು ಐತಾ?"

ಆಕೆ ತಲೆಯೆತ್ತಿ ನೋಡಿದರು. ಸಾಹುಕಾರರ ಹಿಂದೆ ಇನ್ನೂ ನಾಲ್ಕಾರು ಜನ ಅದನ್ನೇ ಕೇಳಲು ನಿಂತಿದ್ದರು. ಅವರಲ್ಲಿ ಯಾರಿಗೂ ಆಕೆಯ ಮೇಲೆ ಸಿಟ್ಟಿರಲಿಲ್ಲ, ಆಚಾರ್ರ ಮೇಲೂ ಇರಲಿಲ್ಲ. ತಮ್ಮ ಬೀಗ ಗಟ್ಟಿ ಎಂದು ಸರ್ಕಾರವೇ ಹೇಳಿದ್ದರಿಂದ ಸಮಾಧಾನವಾಗಿದ್ದರು.

ಹಾಸನದ ಜೈಲಿನಲ್ಲಿ ಭೇಟಿಗೆ ಬಿಡುತ್ತಿದ್ದ ದಿನಗಳಲ್ಲಿ ಆಕೆ ರೈಲಿಗೆ ಬರುತ್ತಿದ್ದರು. ಒಂದು ಸಲ ಜೈಲಿನ ಸುದ್ದಿಗೆಂದು ಹೋಗಿದ್ದ ನಾನು ಅಲ್ಲಿದ್ದೆ. ಆಚಾರ್ರು ಮೊದಲೇ ಒಣಕಲು, ಈಗ ಎಲುಬು ಎಣಿಸಬಹುದಾಗಿತ್ತು. ಹೊಟ್ಟೆ ಕೆಟ್ಟು ಬಹಳ ದಿನವಾಗಿದೆ ಎಂದರು. ಆಕೆ ಬಟ್ಟೆಯಲ್ಲಿ ಕಟ್ಟಿ ತಂದಿದ್ದ ಹುರಿಹಿಟ್ಟನ್ನು ವಾರ್ಡರು ಕೈಯಾಡಿಸಿ ನೋಡಿ ಒಳಗೆ ಬಿಟ್ಟ.

"ಬೀಗ ಕೇಳ್ಕಂಡು ಜನ ಮನೆತಕ್ಕೆ ಬತ್ತಾವ್ರೆ," ಎಂದರು ಆಕೆ. "ಎಲ್ಡು ಗರೀದು ಕೊಟ್ರೆ ತಕ್ಕಳಕಿಲ್ಲ. ಕೋಲ್ಟ್ ಬೀಗ ಕೊಡು ಅಂತಾರೆ. ಮೂರ್ನೇದು ಎಂಗೆ ಅಂತ ಒಂದ್ ಮಾತು ಯೋಳಿ. ಕುಲುಮೆ ತಣ್ಣಗಾಗೈತೆ."

ಆಚಾರ್ರು ವಾರ್ಡರನ್ನು ನೋಡಿದರು. ವಾರ್ಡರು ಒಂದು ಮಾರು ದೂರದಲ್ಲಿ ಗೋಡೆಗೊರಗಿ ನಿಂತಿದ್ದ. ಅವನ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಇತ್ತು.

"ಇಲ್ ಯೋಳ ಮಾತಲ್ಲ ಅದು. ಮನೆಗ್ ಬಂದು ತೋರುಸ್ತೀನಿ."

"ಅಷ್ಟ್ರಗಂಟ ಏನ್ ತಿನ್ಲಿ?"

ಆಚಾರ್ರು ಹುರಿಹಿಟ್ಟಿನ ಗಂಟನ್ನು ಅರ್ಧ ಬಿಚ್ಚಿ, ತಮಗೆ ಸ್ವಲ್ಪ ತೆಗೆದುಕೊಂಡು, ಉಳಿದದ್ದನ್ನು ಆಕೆಗೇ ವಾಪಸು ಕೊಟ್ಟರು.

ಮಳೆಗಾಲ ಕಳೆಯುವ ಹೊತ್ತಿಗೆ ಅರಕಲಗೂಡಿನಿಂದ ಇನ್ನೊಂದು ಸುದ್ದಿ ಬಂತು. ಅದೇ ಮಳಿಗೆಯಿಂದ ಮತ್ತೆ ಮೂಟೆಗಳು ಹೋಗಿದ್ದವು. ಕೇಸು ಮುಗಿದ ಮೇಲೆ ಕೋರ್ಟು ಬೀಗವನ್ನು ಡಿಪೊಗೆ ಮರಳಿಸಿತ್ತು. ಅವರು ಅದನ್ನೇ ಅದೇ ಬಾಗಿಲಿಗೆ ಹಾಕಿದ್ದರು. ಈ ಸಲವೂ ಬೀಗ ಒಡೆದಿರಲಿಲ್ಲ. ಈ ಸಲ ಶೋಧನೆ ಆಗಲಿಲ್ಲ. ಗುಮಾಸ್ತರನ್ನು ಬೇರೆ ಕಡೆಗೆ ವರ್ಗ ಮಾಡಿದರು, ಬಾಗಿಲಿಗೆ ಅಲೀಗಢದ ಬೀಗ ಹಾಕಿಸಿದರು. ಮೂಟೆ ಸಾಗಿಸಿದವರು ಯಾರೆಂದು ಯಾವ ಕೋರ್ಟಿನಲ್ಲೂ ತೀರ್ಮಾನವಾಗಲಿಲ್ಲ, ಆದ್ದರಿಂದ ನಾನೂ ಹೇಳಲಾರೆ.

ವಕೀಲರು ಆ ಸುದ್ದಿಯನ್ನು ನನ್ನ ಬಾಯಿಂದ ಕೇಳಿದ ದಿನವೇ ಮೈಸೂರು ಸರ್ಕಾರಕ್ಕೆ ಬಿಡುಗಡೆಯ ಅರ್ಜಿ ಬರೆದರು. ಕೈದಿಯ ಹೆಬ್ಬೆಟ್ಟು ಹಾಕಿಸಲು ಜೈಲಿಗೆ ಹೋದಾಗ, ಅವರನ್ನು ಆಸ್ಪತ್ರೆಗೆ ಸಾಗಿಸಿದ್ದಾರೆ ಎಂದರು. ಆಸ್ಪತ್ರೆಯಲ್ಲಿ ಹೆಬ್ಬೆಟ್ಟು ಹಾಕಿಸಿಕೊಂಡರು. ಆಚಾರ್ರಿಗೆ ಅರಿವಿತ್ತು. ಅರಕಲಗೂಡಿನ ಸುದ್ದಿ ಹೇಳಿದಾಗ, "ಬೀಗ ಒಡ್ದಿದ್ರಾ?" ಎಂದು ಕೇಳಿದರಂತೆ. ಇಲ್ಲ ಎಂದಾಗ ಕಣ್ಣು ಮುಚ್ಚಿಕೊಂಡರಂತೆ. ಅರ್ಜಿ ಟಪಾಲಿನಲ್ಲಿರುವಾಗಲೇ ರಕ್ತಭೇದಿಯಿಂದ ತೀರಿಕೊಂಡರು. ಹೆಣವನ್ನು ಹೊಳೆನರಸೀಪುರಕ್ಕೆ ಒಯ್ಯಲು ಬಸ್ಸಿನವರೂ ರೈಲಿನವರೂ ಒಪ್ಪಲಿಲ್ಲ. ಹಾಸನದಲ್ಲೇ ಊರಾಚೆ ಮಣ್ಣು ಮಾಡಿದರು. ವಕೀಲರು, ನಾನು, ಆಸ್ಪತ್ರೆಯ ಇಬ್ಬರು ಆಳುಗಳು ಇದ್ದೆವು. ಆಚಾರ್ರ ಹೆಂಡತಿ ಮಧ್ಯಾಹ್ನದ ರೈಲಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಕೆಲವು ವಾರಗಳ ಮೇಲೆ ಅರ್ಜಿ ಹಿಂದಕ್ಕೆ ಬಂತು. ಕೈದಿ ಮೃತನಾದ್ದರಿಂದ ಯಾವ ಆಜ್ಞೆಯ ಅಗತ್ಯವೂ ಇಲ್ಲ ಎಂದು ಬರೆದಿತ್ತು. ಅದನ್ನು ಓದಿ ಹೇಳಿದಾಗ ಆಕೆ ವಕೀಲರ ಜಗಲಿಯಲ್ಲೇ ಕೂತಿದ್ದರು.

"ಕದ್ದಿಲ್ಲ ಅಂತ ಒಂದ್ ಚೀಟಿ ಬರ್ಕೊಡಕಾಗಕಿಲ್ವಾ ಸ್ವಾಮಿ?"

"ಸತ್ತವರಿಗೆ ಕೋರ್ಟು ಬರೆದುಕೊಡೋದಿಲ್ಲಮ್ಮ."

"ಬದುಕಿದ್ದೋರ್ಗೂ ಬರ್ಕೊಡ್ಲಿಲ್ಲ." ಆಕೆ ನನ್ನ ಕಡೆ ತಿರುಗಿದರು. "ನೀವು ಪೇಪರ್‌ನಾಗೆ ಬರಿಯೋರಲ್ವಾ ಸಾ? ನೀವಾರ ಬರೀರಿ. ಬೀದಿಯೋರು ಕಳ್ಳುನ್ ಎಂಡ್ರು ಅಂತಾರೆ."

ಬರೆದೆ. ಎರಡು ಕಳುವು, ಎರಡರ ತಾರೀಖು, ಮೊದಲನೆಯದಕ್ಕೆ ಶಿಕ್ಷೆಯಾದವರು ಎರಡನೆಯದು ಆದಾಗ ಎಲ್ಲಿದ್ದರು ಎಂಬುದು, ಇಷ್ಟೇ ಇದ್ದ ಚಿಕ್ಕ ವರದಿ. ಪ್ರಕಟವಾಗಲಿಲ್ಲ. ಮೈಸೂರಿಗೆ ಹೋದಾಗ ಸಂಪಾದಕರನ್ನು ಕೇಳಿದೆ. ಮುಗಿದ ಕೇಸು, ಸತ್ತ ಮನುಷ್ಯ, ಮೇಲಾಗಿ ಧಾನ್ಯದ ಡಿಪೊ ವಿಷಯ. ಇವತ್ತಿನ ದಿನದಲ್ಲಿ ಬೇಡ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನಾನು ಬರೆದು ಕಳಿಸಿದ ಮೇಲಿನ ಭಾನುವಾರ ಆಕೆ ಹೊಳೆನರಸೀಪುರ ಸ್ಟೇಷನ್ನಿನಲ್ಲಿ ಪತ್ರಿಕೆ ಮಾರುವವನ ಹತ್ತಿರ ಹೋಗಿ, ನಮ್ಮೋರ ಸುದ್ದಿ ಬಂದೈತಾ ಎಂದು ಕೇಳಿದರಂತೆ. ಅದರ ಮುಂದಿನ ವಾರವೂ ಕೇಳಿದರಂತೆ. ಓದಲು ಬಾರದವರಾದ್ದರಿಂದ ಅವನು ಇಲ್ಲ ಎಂದದ್ದನ್ನು ನಂಬಿ ಹೋಗಬೇಕಾಗಿತ್ತು.